ಅರ್ಧ ಕೇಜಿ ಅರ್ಥಿಂಗ್

ಹೋದ ತಿಂಗಳು ಒಂದು ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. ನಮ್ಮ ಹಳೆಯ ಗಿರಾಕಿ, ನಿವೃತ್ತ ಟೀಚರ್. ಮನೆಯಲ್ಲಿ ಒಬ್ಬರೇ ಇರುತ್ತಾರೆ. ಅವತ್ತು ಮಧ್ಯಾಹ್ನವಷ್ಟೇ ನಮ್ಮ ಹುಡುಗರು ಅವರ ಫ್ರಿಜ್ ರಿಪೇರಿ ಮಾಡಿ ಬಂದಿದ್ದರು. ಮತ್ತೆ ನಿಂತುಹೋಯಿತೇನೋ ಅಂದುಕೊಂಡೆ. "ಇಲ್ಲಪ್ಪಾ, ಫ್ರಿಜ್ ಚೆನ್ನಾಗಿ ಓಡ್ತಿದೆ. ಈ ಹೊತ್ತಲ್ಲಿ ಫೋನ್ ಮಾಡಿದ್ದಕ್ಕೆ ಬೇಜಾರು ಮಾಡ್ಕೋಬೇಡ. ಒಂದೇ ಮಾತು ಕೇಳ್ಬೇಕಿತ್ತು" ಅಂದರು. ಸ್ವಲ್ಪ ತಡೆದು, "ನಿಜವಾಗ್ಲೂ ಅದರಲ್ಲಿ ಏನಾದ್ರೂ ಕೆಟ್ಟಿತ್ತಾ?" ಎಂದು ಕೇಳಿದರು.

ಮೈಸೂರಿನಲ್ಲಿ ನನ್ನದು ಫ್ರಿಜ್, ವಾಷಿಂಗ್ ಮಷೀನ್ ರಿಪೇರಿ ಮಾಡುವ ಸಣ್ಣ ಅಂಗಡಿ. ಮೂವರು ಹುಡುಗರಿದ್ದಾರೆ. ಮೂವರೂ ಒಳ್ಳೆಯವರು, ಕೆಲಸ ಬಲ್ಲವರು. ಮಾರನೇ ದಿನ ಬೆಳಿಗ್ಗೆ ಕೇಳಿದಾಗ ವಿಷಯ ಗೊತ್ತಾಯಿತು. ಆ ಫ್ರಿಜ್‌ನ ಕಂಪ್ರೆಸರ್ ಸ್ಟಾರ್ಟ್ ಆಗುತ್ತಿರಲಿಲ್ಲ. ಕೆಟ್ಟಿದ್ದು ಅದರ ಪಕ್ಕದಲ್ಲಿ ಸಿಕ್ಕಿಸುವ ಸಣ್ಣ ರಿಲೇ. ಹುಡುಗ ಎರಡು ನಿಮಿಷದಲ್ಲಿ ಕಂಡುಹಿಡಿದಿದ್ದ. ಆದರೆ ಟೀಚರ್ ಹತ್ತಿರ ಹೋಗಿ, ಮುಖ ಸಪ್ಪಗೆ ಮಾಡಿಕೊಂಡು, "ಅಮ್ಮಾ, ಕಂಪ್ರೆಸರ್ ಹೋಗಿಬಿಟ್ಟಿದೆ. ಒಂಬತ್ತು ಸಾವಿರ ಆಗುತ್ತೆ" ಅಂದಿದ್ದಾನೆ. ಇನ್ನೊಬ್ಬ ಮೊಬೈಲ್‌ನಲ್ಲಿ ವಿಡಿಯೋ ಮಾಡುತ್ತಿದ್ದ. ಅವರು ಕುರ್ಚಿ ಹಿಡಿದು ಕೂತ ಮೇಲೆ, "ಸುಮ್ನೆ ತಮಾಷೆಗೆ ಹೇಳಿದ್ದು ಅಮ್ಮಾ, 450 ರೂಪಾಯಿ ಅಷ್ಟೇ" ಎಂದು ನಕ್ಕಿದ್ದಾರೆ. ಅವರೂ ನಕ್ಕರಂತೆ. ಟೀ ಮಾಡಿ ಕೊಟ್ಟರಂತೆ. "ಅವರೇನೂ ಬೇಜಾರು ಮಾಡ್ಕೊಳ್ಲಿಲ್ಲ ಅಣ್ಣ" ಅಂದ ಹುಡುಗ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ಕಂಡಿದ್ದು ಅಷ್ಟೇ. ರಾತ್ರಿ ಒಂಬತ್ತೂವರೆಗೆ ಒಬ್ಬರೇ ಕೂತು ಆ ಫ್ರಿಜ್‌ನ ಸದ್ದು ಕೇಳುತ್ತಾ ಅವರು ಏನು ಯೋಚನೆ ಮಾಡಿದರು ಅನ್ನುವುದು ಅವನಿಗೆ ಹೇಗೆ ಕಾಣಬೇಕು?

ವಿಡಿಯೋ ಅಳಿಸಿಸಿದೆ. ಆದರೆ ಹುಡುಗನಿಗೆ ಬೈಯುವುದಕ್ಕೆ ಬಾಯಿ ಬರಲಿಲ್ಲ. ಯಾಕೆಂದರೆ ಅದೇ ಮಾತನ್ನು, ಹೆಚ್ಚೂಕಡಿಮೆ ಅದೇ ಸಪ್ಪೆ ಮುಖದಲ್ಲಿ, ನಾನೂ ಒಮ್ಮೆ ಹೇಳಿದ್ದೇನೆ.

ಮಾವನ ಅಂಗಡಿ

ತಿಪಟೂರಿನ ಕಡೆಯ ಒಂದು ಹೋಬಳಿ ಊರಿನಲ್ಲಿ ನನ್ನ ಸೋದರಮಾವ ಮೋಟರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದರು. ಸುತ್ತ ತೆಂಗಿನ ತೋಟಗಳು. ಬೇಸಿಗೆ ಬಂತೆಂದರೆ ನಮಗೆ ಊಟಕ್ಕೂ ಪುರುಸೊತ್ತಿಲ್ಲ. ವೋಲ್ಟೇಜ್ ಬೀಳುತ್ತದೆ, ಒಂದು ಫೇಸ್ ಹೋಗುತ್ತದೆ, ತೋಟ ಒಣಗುತ್ತಿರುವುದನ್ನು ನೋಡಲಾಗದೆ ರೈತರು ಕಂಡೆನ್ಸರ್ ಹಾಕಿ ಎರಡೇ ಫೇಸಿನಲ್ಲಿ ಓಡಿಸುತ್ತಾರೆ, ಮೋಟರ್ ಸುಡುತ್ತದೆ. ಲಗೇಜ್ ಆಟೋದಲ್ಲಿ, ಟ್ರ್ಯಾಕ್ಟರಿನಲ್ಲಿ, ಒಮ್ಮೊಮ್ಮೆ ಬಸ್ಸಿನ ಟಾಪ್ ಮೇಲೆ ಮೋಟರ್‌ಗಳು ಬಂದು ಇಳಿಯುತ್ತಿದ್ದವು. ಬೋರ್‌ವೆಲ್ ಮೋಟರ್ ಆದರೆ ಕಷ್ಟ ಇನ್ನೂ ಜಾಸ್ತಿ. ನೂರಾರು ಅಡಿಯಿಂದ ಪೈಪು ಪೈಪಾಗಿ ಬಿಚ್ಚಿ ಎತ್ತಬೇಕು. ಎತ್ತಿದ ಕೂಲಿ ಬೇರೆ, ಇಳಿಸುವ ಕೂಲಿ ಬೇರೆ. ನಾವು ಮಾಡಿದ ಕೆಲಸ ಹಾಳಾದರೆ ರೈತನಿಗೆ ಆ ಖರ್ಚೆಲ್ಲ ಇನ್ನೊಂದು ಸಲ.

ಈ ಕೆಲಸದಲ್ಲಿ ಮೋಸ ಮಾಡುವುದು ಬಹಳ ಸುಲಭ. ಸ್ಲಾಟಿನಲ್ಲಿ ಇಷ್ಟು ಸುತ್ತು ಎಂದು ಲೆಕ್ಕ ಇರುತ್ತದೆ, ನಾಲ್ಕು ಸುತ್ತು ಕಡಿಮೆ ಹಾಕಬಹುದು. ಒಂದು ಗೇಜ್ ತೆಳು ತಂತಿ ಹಾಕಬಹುದು. ತಾಮ್ರದ ಬದಲು ಅಲ್ಯೂಮಿನಿಯಂ ತಂತಿಯನ್ನೇ ಸುತ್ತಿಬಿಡಬಹುದು. ವಾರ್ನಿಷ್ ಬಳಿದು ಒಣಗಿಸಿದ ಮೇಲೆ ಎಲ್ಲವೂ ಒಂದೇ ಬಣ್ಣ. ಮೋಟರ್ ಓಡುತ್ತದೆ, ನೀರೂ ಬರುತ್ತದೆ. ಒಂದು ಬೇಸಿಗೆ ಕಳೆದು ಮತ್ತೆ ಸುಟ್ಟಾಗ ವೋಲ್ಟೇಜ್ ಮೇಲೆ ಹಾಕಿದರಾಯಿತು. ಹಳೆಯ ತಾಮ್ರದ್ದು ಇನ್ನೊಂದು ಕಥೆ. ಸುಟ್ಟ ಕಾಯಿಲ್ ಕಿತ್ತಾಗ ಕೇಜಿಗಟ್ಟಲೆ ತಾಮ್ರ ಬರುತ್ತದೆ, ಗುಜರಿಯಲ್ಲಿ ಒಳ್ಳೆಯ ಬೆಲೆ ಇದೆ. ಅದು ಯಾರದ್ದು ಎಂದು ಎಷ್ಟೋ ರೈತರಿಗೆ ಕೇಳುವುದೂ ಗೊತ್ತಿರಲಿಲ್ಲ.

ಮಾವ ಹಳೆಯ ತಂತಿಯನ್ನು ಯಜಮಾನನ ಎದುರಿಗೇ ತಕ್ಕಡಿಗೆ ಹಾಕುತ್ತಿದ್ದರು. ಬೇಕಾದರೆ ತಗೊಂಡು ಹೋಗಿ, ಇಲ್ಲವಾದರೆ ಬಿಲ್ಲಿನಲ್ಲಿ ಕಳೆಯುತ್ತೇನೆ ಅನ್ನುತ್ತಿದ್ದರು. ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಪ್ರತಿ ಮೋಟರಿನ ಗೇಜ್, ಸುತ್ತು, ತಾಮ್ರದ ತೂಕ, ಯಾರದ್ದು, ಯಾವತ್ತು ಅನ್ನುವುದೆಲ್ಲ ಅದರಲ್ಲಿ ಬರೆದಿರುತ್ತಿತ್ತು. ಯಾರು ಬೇಕಾದರೂ ತೆಗೆದು ನೋಡಬಹುದಿತ್ತು. ನೋಡಿದವರನ್ನು ನಾನು ಕಾಣಲಿಲ್ಲ. ಆದರೆ ಅದು ಎಲ್ಲರ ಕೈಗೆಟಕುವ ಹಾಗೆ ಮೇಜಿನ ತುದಿಯಲ್ಲೇ ಇರುತ್ತಿತ್ತು.

ಇಷ್ಟು ಹೇಳಿದೆನೆಂದು ಅವರು ಗಂಟುಮುಖದ ಮನುಷ್ಯ ಅಂದುಕೊಳ್ಳಬೇಡಿ. ಚೇಷ್ಟೆ ಎಂದರೆ ಅವರಿಗೆ ಪ್ರಾಣ. ಅಂಗಡಿಗೆ ಹೊಸ ಹುಡುಗ ಸೇರಿದ ಮೊದಲ ವಾರದಲ್ಲೇ ಅವನನ್ನು ಕರೆದು, ಕೈಗೊಂದು ಗೋಣಿಚೀಲ ಕೊಟ್ಟು, "ಹೋಗು, ಹಾರ್ಡ್‌ವೇರ್ ಅಂಗಡಿಯಲ್ಲಿ ಅರ್ಧ ಕೇಜಿ ಅರ್ಥಿಂಗ್ ತಗೊಂಡು ಬಾ" ಎಂದು ಕಳಿಸುತ್ತಿದ್ದರು. ಅರ್ಥಿಂಗ್ ಎಂದರೆ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ತೂಕಕ್ಕೆ ಸಿಗುವ ಸಾಮಾನಲ್ಲ. ಹಾರ್ಡ್‌ವೇರ್ ಅಂಗಡಿಯವರು ಗಂಭೀರವಾಗಿ, "ನಮ್ಮಲ್ಲಿ ಖಾಲಿ. ಗೊಬ್ಬರದ ಅಂಗಡೀಲಿ ಕೇಳು" ಅನ್ನುತ್ತಿದ್ದರು. ಅಲ್ಲಿಂದ ಸೈಕಲ್ ಶಾಪು, ಅಲ್ಲಿಂದ ಹಿಟ್ಟಿನ ಗಿರಣಿ. ಗಿರಣಿಯವರು ಚೀಲಕ್ಕೆ ಒಂದು ಗುಂಡುಕಲ್ಲು ಹಾಕಿ ಬಾಯಿ ಕಟ್ಟಿ, "ಬಿಚ್ಚಬೇಡ, ಗಾಳಿ ತಾಗಿದ್ರೆ ಹೋಗುತ್ತೆ" ಎಂದು ಕಳಿಸುತ್ತಿದ್ದರು. ನಾನೂ ಆ ಕಲ್ಲು ಹೊತ್ತವನೇ. ಬೆವರು ಸುರಿಸಿಕೊಂಡು ವಾಪಸ್ ಬಂದಾಗ ಇಡೀ ರಸ್ತೆ ನಕ್ಕಿತು. ಮಾವ ಹೋಟೆಲಿನಿಂದ ಎರಡು ಪ್ಲೇಟ್ ಇಡ್ಲಿ-ವಡೆ ತರಿಸಿ ಕೊಟ್ಟರು. ಅವತ್ತಿನಿಂದ ಆ ರಸ್ತೆಯ ಎಲ್ಲ ಅಂಗಡಿಯವರಿಗೂ ನನ್ನ ಹೆಸರು ಗೊತ್ತಿತ್ತು. ಆ ಚೇಷ್ಟೆ ನನ್ನನ್ನು ಹೊರಗೆ ನಿಲ್ಲಿಸಲಿಲ್ಲ, ಒಳಗೆ ಸೇರಿಸಿಕೊಂಡಿತು.

ಆದರೆ ವೈಂಡಿಂಗ್ ಅಂಗಡಿಗಳಲ್ಲಿ ಇನ್ನೊಂದು ಚೇಷ್ಟೆ ನಡೆಯುತ್ತದೆ. ಕಂಡೆನ್ಸರ್‌ಗೆ ಕರೆಂಟ್ ಕೊಟ್ಟು ತೆಗೆದು, "ಹಿಡ್ಕೋ" ಎಂದು ಹೊಸಬನ ಕೈಗೆ ಎಸೆಯುವುದು. ಒಳಗೆ ಚಾರ್ಜ್ ಉಳಿದಿರುತ್ತದೆ, ಹಿಡಿದವನಿಗೆ ಜೋರು ಶಾಕ್. ಇದನ್ನು ಮಾಡಿದ ಒಬ್ಬನನ್ನು ಮಾವ ಅದೇ ದಿನ ಮನೆಗೆ ಕಳಿಸಿದರು. ನಗುವುದೇ ಆದರೆ ಎರಡೂ ಕಡೆ ನಗುತ್ತಾರಲ್ಲ, ವ್ಯತ್ಯಾಸ ಏನು ಎಂದು ಆಗ ನನಗೆ ಅರ್ಥವಾಗಿರಲಿಲ್ಲ. ಶಾಕ್ ಅಪಾಯ, ಅದಕ್ಕೆ ಅಂದುಕೊಂಡಿದ್ದೆ. ಅಷ್ಟೇ ಅಲ್ಲ ಎಂದು ಗೊತ್ತಾಗಿದ್ದು ಆಮೇಲೆ.

ಎರಡು ಟಗರು

1999ರ ಬೇಸಿಗೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಮಾವನ ಊರಿಗೆ ಬಂದಿದ್ದೆ. ಅಷ್ಟು ಹೊತ್ತಿಗೆ ಎರಡು ರಜೆಯ ಕೆಲಸ ಕಲಿತಿದ್ದೆ, ಸೀರೀಸ್ ಲ್ಯಾಂಪ್, ಅಂದರೆ ಪರೀಕ್ಷೆಗೆಂದು ವೈರಿಗೆ ಜೋಡಿಸಿದ ಬಲ್ಬ್ ಹಿಡಿದು ಮೋಟರ್ ಪರೀಕ್ಷೆ ಮಾಡುವುದು ಬರುತ್ತಿತ್ತು. ಒಂದು ಮಧ್ಯಾಹ್ನ ಮಾವ ಊಟಕ್ಕೆ ಮನೆಗೆ ಹೋಗಿದ್ದರು. ಅಂಗಡಿಯಲ್ಲಿ ನಾನು, ಇನ್ನೊಬ್ಬ ಹುಡುಗ. ಅರವತ್ತರ ಹತ್ತಿರದ ಒಬ್ಬ ಯಜಮಾನರು ಲಗೇಜ್ ಆಟೋದಲ್ಲಿ 5 ಎಚ್‌ಪಿ ಮಾನೋಬ್ಲಾಕ್ ಪಂಪ್ ತಂದು ಇಳಿಸಿದರು. "ಗುಂಯ್ ಅನ್ನುತ್ತೆ, ತಿರುಗಲ್ಲ ಕಣಪ್ಪ" ಅಂದರು.

ಲ್ಯಾಂಪ್ ಇಟ್ಟು ನೋಡಿದೆ. ವೈಂಡಿಂಗ್ ಸರಿಯಾಗಿತ್ತು. ಸುಟ್ಟ ವಾಸನೆಯೂ ಇರಲಿಲ್ಲ. ಶಾಫ್ಟ್ ತಿರುಗಿಸಲು ನೋಡಿದೆ, ಅಲ್ಲಾಡಲಿಲ್ಲ. ತಿಂಗಳುಗಟ್ಟಲೆ ಓಡಿಸದೆ ಇಟ್ಟಿದ್ದರಿಂದ ತುಕ್ಕು ಹಿಡಿದು ಇಂಪೆಲ್ಲರ್, ಅಂದರೆ ಪಂಪಿನೊಳಗೆ ನೀರು ತಳ್ಳುವ ಚಕ್ರ, ಕಚ್ಚಿಕೊಂಡಿತ್ತು. ಸೀಮೆಎಣ್ಣೆ ಬಿಟ್ಟು ಪೈಪ್ ರೆಂಚ್ ಹಾಕಿ ತಿರುಗಿಸಿದರೆ ಹತ್ತು ನಿಮಿಷದ ಕೆಲಸ. ಇದು ನನಗೆ ಗೊತ್ತಾಯಿತು. ನನಗೊಬ್ಬನಿಗೇ ಗೊತ್ತಾಯಿತು ಅನ್ನುವುದೇ ತಲೆಗೆ ಏರಿತೇನೋ. ಇನ್ನೊಬ್ಬ ಹುಡುಗನ ಕಡೆ ನೋಡಿ ಕಣ್ಣು ಹೊಡೆದೆ. "ಯಜಮಾನ್ರೇ, ಪೂರ್ತಿ ಸುಟ್ಟೋಗಿದೆ. ವೈಂಡಿಂಗ್ ಮಾಡ್ಬೇಕು. ಎರಡು ಸಾವಿರ ಆಗುತ್ತೆ" ಅಂದೆ.

ಅವರು ವಾದ ಮಾಡುತ್ತಾರೆ, ಜಾಸ್ತಿ ಆಯಿತು ಅನ್ನುತ್ತಾರೆ, ಆಗ ನಕ್ಕು ನಿಜ ಹೇಳೋಣ ಅಂದುಕೊಂಡಿದ್ದೆ. ಅವರು ವಾದ ಮಾಡಲಿಲ್ಲ. "ಹೌದಾ" ಅಂದರು. ಒಂದು ಸಲ ಮೋಟರ್ ಕಡೆ ನೋಡಿದರು. ಅಂಗಿಯ ಒಳಗಿನ ಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ಅದರಲ್ಲಿದ್ದ ನೋಟುಗಳನ್ನು ಎಣಿಸಿ ಮತ್ತೆ ಮಡಿಸಿ ಇಟ್ಟರು. "ಬತ್ತೀನಿ ತಡಿ" ಎಂದು ಎದ್ದು ಹೊರಟೇಬಿಟ್ಟರು. ನನ್ನ ನಗು ಬಾಯಲ್ಲೇ ಉಳಿಯಿತು. ಕೂಗಿ ಹೇಳಬಹುದಿತ್ತು. ಹೇಳಲಿಲ್ಲ. ಬರಲಿ, ಬಂದ ಮೇಲೆ ಹೇಳೋಣ ಅಂದುಕೊಂಡೆ. ಇಪ್ಪತ್ತು ನಿಮಿಷ ಬರಲಿಲ್ಲ. ಬಂದಾಗ ಮಾವನೂ ಊಟ ಮುಗಿಸಿ ಬಂದಿದ್ದರು. "ಎಸ್‌ಟಿಡಿ ಬೂತಿಂದ ಮನೆಗೆ ಹೇಳ್ದೆ ಮೇಸ್ತ್ರಿ. ಎರಡು ಟಗರು ಅವೆ, ನಾಳೆ ಸಂತೆಗೆ ಹೊಡ್ಕೊಂಡು ಬರ್ತಾರೆ. ಅಲ್ಲೀಗಂಟ ಕೆಲಸ ಶುರು ಮಾಡಿರಿ" ಅಂದರು.

ಮಾವ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಮಾತಾಡದೆ ಕೂತು ಶಾಫ್ಟ್ ಮುಟ್ಟಿ ನೋಡಿ, ಸೀಮೆಎಣ್ಣೆ ಬಿಟ್ಟು, ರೆಂಚ್ ಹಾಕಿದರು. ಕಿರ್ ಎಂದು ಒಂದು ಸುತ್ತು ತಿರುಗಿತು. ಆಮೇಲೆ ಕೈಯಲ್ಲೇ ತಿರುಗಿತು. ಕರೆಂಟ್ ಕೊಟ್ಟರು. ಓಡಿತು. "ಹುಡುಗ ತಮಾಷೆ ಮಾಡಿದ್ದಾನೆ ಯಜಮಾನ್ರೇ, ತಪ್ಪಾಯ್ತು. ಇದಕ್ಕೆ ಕಾಸು ಬೇಡ" ಅಂದರು. ಆ ಯಜಮಾನರು ಓಡುವ ಮೋಟರ್ ಅನ್ನೂ ನನ್ನನ್ನೂ ನೋಡಿ, "ಹುಡುಗ್ರು, ಬಿಡಿ ಮೇಸ್ತ್ರಿ" ಎಂದು ನಕ್ಕರು. ನಮ್ಮ ಟೀಚರ್ ಕೂಡ ಹೀಗೇ ನಕ್ಕಿರಬೇಕು. ಮಾವ ನನ್ನನ್ನೇ ಅವರ ಜೊತೆ ಎಸ್‌ಟಿಡಿ ಬೂತಿಗೆ ಕಳಿಸಿದರು. ಅವರ ಮನೆಯಲ್ಲಿ ಫೋನ್ ಇರಲಿಲ್ಲ, ಪಕ್ಕದ ಮನೆಯ ಪಿಪಿ ನಂಬರ್. ಯಾರನ್ನೋ ಕರೆಸಿ, ಕಾದು, ಟಗರು ಸಂತೆಗೆ ಬೇಡ ಎಂದು ಹೇಳುವಷ್ಟರಲ್ಲಿ ಮೀಟರ್ ಓಡುತ್ತಲೇ ಇತ್ತು. ಆ ಬಿಲ್ ನಾನು ಕೊಟ್ಟೆ.

ಸಂಜೆ ಬಾಗಿಲು ಹಾಕುವಾಗ ಮಾವ ಹೇಳಿದ್ದು ಇಷ್ಟು: "ಅರ್ಥಿಂಗ್ ತರೋಕೆ ಹೋದಾಗ ನೀನು ದಾರೀಲಿ ಯಾರನ್ನ ಬೇಕಾದ್ರೂ ಕೇಳಬಹುದಿತ್ತು. ಚೀಲ ಬಿಚ್ಚಿ ನೋಡಬಹುದಿತ್ತು. ಇವತ್ತು ಅವರು ಯಾರನ್ನ ಕೇಳ್ಬೇಕಿತ್ತು? ನಿನ್ನನ್ನೇ ತಾನೇ ಕೇಳಿದ್ದು?"

ಬಿಚ್ಚಿ ನೋಡಲಾಗದ ಚೀಲ

ಮಾವ ಓದಿದವರಲ್ಲ. ಆದರೆ ಅವರು ಅವತ್ತು ಹೇಳಿದ ಮಾತು ಅರ್ಥಶಾಸ್ತ್ರದಲ್ಲಿ ದೊಡ್ಡ ವಿಷಯ ಎಂದು ನನಗೆ ಬಹಳ ವರ್ಷ ಆದ ಮೇಲೆ ಗೊತ್ತಾಯಿತು. ಅಮೆರಿಕದ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರದ ಬಗ್ಗೆ ಬರೆದರು. ಮಾರುವವನಿಗೆ ಕಾರಿನ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆ ಒಂದು ಕಾರಣಕ್ಕೆ ಒಳ್ಳೆಯ ಕಾರಿಗೂ ಒಳ್ಳೆಯ ಬೆಲೆ ಸಿಗದೆ ಇಡೀ ಸಂತೆಯೇ ಕೆಡಬಹುದು ಎಂದು ತೋರಿಸಿದರು. ಇಂಥ ಕೆಲಸಕ್ಕೇ 2001ರಲ್ಲಿ ಅವರಿಗೆ ನೊಬೆಲ್ ಬಂತು. 1973ರಲ್ಲಿ ಮೈಕೆಲ್ ಡಾರ್ಬಿ, ಎಡಿ ಕಾರ್ನಿ ಎಂಬ ಇಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಳೆಯ ಕಾರು ಕೊಂಡವನಿಗೆ ಓಡಿಸಿದ ಮೇಲಾದರೂ ಗೊತ್ತಾಗುತ್ತದೆ. ಕೆಲವು ಕೆಲಸಗಳಲ್ಲಿ ದುಡ್ಡು ಕೊಟ್ಟು, ಕೆಲಸ ಆದ ಮೇಲೂ ಅದು ಬೇಕಿತ್ತೋ ಇಲ್ಲವೋ ಗಿರಾಕಿಗೆ ತಿಳಿಯುವುದಿಲ್ಲ. ರಿಪೇರಿ ಅಂಥದ್ದು. ವೈದ್ಯರ ಕೆಲಸವೂ ಅಂಥದ್ದೇ. ಫ್ರಿಜ್ ತಣ್ಣಗಾಗುತ್ತಿದೆ. ಆದರೆ ರಿಲೇ ನಿಜವಾಗಿ ಕೆಟ್ಟಿತ್ತಾ? ನಮ್ಮ ಟೀಚರ್ ಕೇಳಿದ್ದು ಇದನ್ನೇ.

ಅವರು ದುಡ್ಡಿಗಾಗಿ ಕೇಳಲಿಲ್ಲ ನೋಡಿ. ಹುಡುಗ ಒಂಬತ್ತು ಸಾವಿರ ಎಂದು ಹೇಳಿ 450 ತಗೊಂಡ. ಲೆಕ್ಕ ಹಾಕಿದರೆ ಅವರಿಗೆ ಸಮಾಧಾನವಾಗಬೇಕಿತ್ತು. ಆದರೆ ಮೊದಲನೆಯ ಮಾತು ಹೇಳಿದಾಗ ಅವನ ಮುಖ ಹೇಗಿತ್ತೋ ಎರಡನೆಯದು ಹೇಳುವಾಗಲೂ ಹಾಗೇ ಇದ್ದಿರಬೇಕು. ಒಂದೇ ಬಾಯಿ, ಒಂದೇ ದನಿ. ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲ ಎಂದು ಅವನೇ ಅವರಿಗೆ ತೋರಿಸಿಕೊಟ್ಟಿದ್ದ. ಅವತ್ತಿನವರೆಗೆ ಅವರು ಆ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ.

ದೊಡ್ಡ ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2016ರ ಏಪ್ರಿಲ್ 1ರಂದು ಗೂಗಲ್‌ನವರು ಜಿಮೇಲ್‌ನಲ್ಲಿ ಇ-ಮೇಲ್ ಕಳಿಸುವ ಗುಂಡಿಯ ಪಕ್ಕದಲ್ಲೇ ಇನ್ನೊಂದು ಗುಂಡಿ ಇಟ್ಟರು. ಅದನ್ನು ಒತ್ತಿದರೆ ಪತ್ರದ ಜೊತೆ ಮೈಕ್ ಕೆಳಗೆ ಬೀಳಿಸುವ ಹಳದಿ ಬೊಂಬೆಯ ಚಿತ್ರ ಹೋಗುತ್ತಿತ್ತು, ಬಂದ ಉತ್ತರ ಕಾಣುತ್ತಿರಲಿಲ್ಲ. ಕೆಲಸದ ಪತ್ರ ಕಳಿಸುವ ಅವಸರದಲ್ಲಿ ಜನ ತಪ್ಪಿ ಅದನ್ನೇ ಒತ್ತಿದರು. ಅದೇ ದಿನ ಗೂಗಲ್ ಅದನ್ನು ತೆಗೆದು ಕ್ಷಮೆ ಕೇಳಬೇಕಾಯಿತು. 2021ರ ಮಾರ್ಚ್ ಕೊನೆಯಲ್ಲಿ ಫೋಕ್ಸ್‌ವ್ಯಾಗನ್‌ನ ಅಮೆರಿಕ ವಿಭಾಗ ತನ್ನ ಹೆಸರನ್ನೇ 'ವೋಲ್ಟ್ಸ್‌ವ್ಯಾಗನ್' ಎಂದು ಬದಲಿಸುತ್ತೇವೆ ಎಂದಿತು. ಪತ್ರಕರ್ತರು ಕೇಳಿದಾಗಲೂ ನಿಜ ಎಂದಿತು. ಆಮೇಲೆ ಏಪ್ರಿಲ್ ಫೂಲ್ ತಮಾಷೆ ಅಂದಿತು. ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯಲ್ಲಿ ಸಾಫ್ಟ್‌ವೇರ್ ಇಟ್ಟು ಮೋಸ ಮಾಡಿದ್ದು 2015ರಲ್ಲಿ ಬಯಲಾದ ಕಂಪನಿ ಅದು. ಅವರ ಬಾಯಲ್ಲಿ ಸುಳ್ಳು ಕೇಳಿ ನಗುವುದಕ್ಕೆ ಜನ ತಯಾರಿರಲಿಲ್ಲ. ಮೋಸ ಮಾಡಿದವರಿಗೆ ತಮಾಷೆ ಮಾಡುವ ಹಕ್ಕು ವಾಪಸ್ ಬರುವುದಕ್ಕೆ ಬಹಳ ಕಾಲ ಬೇಕು ಅಂತ ನನಗನ್ನಿಸುತ್ತದೆ.

ಹಾಗಾದರೆ ಗಿರಾಕಿ ಜೊತೆ ನಗಲೇಬಾರದಾ? ಮಾವ ನಗುತ್ತಿದ್ದರು. ಫ್ಯೂಸ್ ತಂತಿ ಬದಲಿಸುವಂಥ ಚಿಲ್ಲರೆ ಕೆಲಸಕ್ಕೆ ಅವರು ದುಡ್ಡು ತಗೊಳ್ಳುತ್ತಿರಲಿಲ್ಲ. ಆದರೆ ಚೀಟಿ ಮಾತ್ರ ಬರೆಯುತ್ತಿದ್ದರು. ನಾಲ್ಕು ಮಡಿಕೆ ಮಾಡಿ ಕೈಗೆ ಕೊಟ್ಟು, "ದೊಡ್ಡ ಬಿಲ್ಲು. ಕೂತ್ಕೊಂಡು ನೋಡಿ" ಅನ್ನುತ್ತಿದ್ದರು. ಬಿಚ್ಚಿದರೆ 'ಒಂದು ಟೀ' ಎಂದಿರುತ್ತಿತ್ತು. ಅಲ್ಲೂ ಒಂದು ಕ್ಷಣದ ಹೆದರಿಕೆ ಇತ್ತು. ಆದರೆ ಚೀಟಿ ಗಿರಾಕಿಯ ಕೈಯಲ್ಲೇ ಇತ್ತು. ಬಿಚ್ಚುವುದು ಅವರಿಗೆ ಬಿಟ್ಟಿದ್ದು. ಕಂಡೆನ್ಸರ್ ಎಸೆದವನು, ಮೋಟರ್ ಸುಟ್ಟಿದೆ ಎಂದ ನಾನು, ಕಂಪ್ರೆಸರ್ ಹೋಗಿದೆ ಎಂದ ಈ ಹುಡುಗ, ಮೂವರೂ ಮಾಡಿದ್ದು ಬೇರೆ. ಎದುರಿಗಿದ್ದವರಿಗೆ ಕಾಣದ ಜಾಗದಲ್ಲಿ ನಿಂತುಕೊಂಡು ಆಟ ಆಡಿದೆವು. ಆ ಕಾಣದ ಜಾಗವನ್ನು ನಂಬಿಕೆಯಿಂದ ನಮಗೆ ಬಿಟ್ಟುಕೊಟ್ಟಿದ್ದವರು ಅವರೇ.

ರಿಲೇ ಅಲ್ಲಾಡಿಸಿದ್ದು

ನಾನು ಆ ಹುಡುಗನನ್ನೇ ಕರೆದುಕೊಂಡು ಟೀಚರ್ ಮನೆಗೆ ಹೋದೆ. ಬಿಚ್ಚಿದ ಹಳೆಯ ರಿಲೇ ಅದೃಷ್ಟಕ್ಕೆ ಅವನ ಬ್ಯಾಗಿನಲ್ಲೇ ಇತ್ತು. ಜೊತೆಗೆ ಒಂದು ಹೊಸದನ್ನೂ ತಗೊಂಡೆ. ಈ ರಿಲೇಗಳ ಒಳಗೆ ಪಿಂಗಾಣಿಯಂಥ ಒಂದು ಸಣ್ಣ ಬಿಲ್ಲೆ ಇರುತ್ತದೆ. ಅದು ಒಡೆದಿದ್ದರೆ ಅಲ್ಲಾಡಿಸಿದಾಗ ಗಿಲಿಗಿಲಿ ಸದ್ದು ಬರುತ್ತದೆ. ಹೊಸದನ್ನು ಅವರ ಕೈಗೆ ಕೊಟ್ಟು, ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಅಂದೆ. ಸದ್ದಿಲ್ಲ. ಹಳೆಯದನ್ನು ಕೊಟ್ಟೆ. ಗಿಲಿಗಿಲಿ ಅಂತು. ಅವರು ಇನ್ನೊಂದು ಸಲ ಅಲ್ಲಾಡಿಸಿದರು. "ಗೆಜ್ಜೆ ಥರ ಇದೆಯಲ್ಲೋ" ಎಂದು ಹುಡುಗನ ಕಡೆ ತಿರುಗಿ ನಕ್ಕರು. ಅವನು, "ಅಮ್ಮಾ, ಅವತ್ತು ನಾನು ಹಾಗೆ ಹೇಳಬಾರದಿತ್ತು" ಅಂದ. ನಾನು ಹೇಳಿಕೊಟ್ಟಿದ್ದಲ್ಲ. ಅವನಾಗೇ ಹೇಳಿದ.

ಈಗ ಬಿಚ್ಚಿದ ಸಾಮಾನನ್ನು ಕವರಿಗೆ ಹಾಕಿ ಗಿರಾಕಿಯ ಕೈಗೇ ಕೊಟ್ಟು ಬರಬೇಕು ಎಂದು ನಮ್ಮಲ್ಲಿ ಪದ್ಧತಿ ಮಾಡಿದ್ದೇವೆ. ಮೊದಲೇ ಮಾಡಬೇಕಿತ್ತು. ಮಾವನ ತಕ್ಕಡಿ ನೋಡಿ ಬೆಳೆದವನು ನಾನು. ಎಷ್ಟೋ ಜನ ಅದನ್ನು ಅಲ್ಲೇ ಕಸದ ಬುಟ್ಟಿಗೆ ಹಾಕುತ್ತಾರಂತೆ. ಹಾಕಲಿ. ಕಸಕ್ಕೆ ಹಾಕುವವರು ಅವರಾಗಬೇಕು.

ಆ ಯಜಮಾನರ ವಿಷಯ ಅರ್ಧಕ್ಕೇ ಬಿಟ್ಟೆ. 1999ರ ಆ ಮಧ್ಯಾಹ್ನದ ನಂತರವೂ ಅವರು ನಮ್ಮ ಅಂಗಡಿಗೇ ಬರುತ್ತಿದ್ದರು. ನನ್ನನ್ನು ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು. ನಾನು ಐಟಿಐ ಸೇರಿದೆ ಎಂದಾಗ ಸಂತೋಷಪಟ್ಟರು. ಆದರೆ ಅವರ ಮೋಟರ್ ನೋಡಿ ನಾನು ಏನಾದರೂ ಹೇಳಿದರೆ, ಕೇಳಿಸಿಕೊಂಡು, ಮೆಲ್ಲಗೆ ಮಾವನ ಕಡೆ ತಿರುಗುತ್ತಿದ್ದರು. ಮಾವ ಹೌದು ಎಂದು ತಲೆ ಆಡಿಸಿದ ಮೇಲೆಯೇ ಅದು ಮಾತು. ಬೇಕೆಂದು ಮಾಡುತ್ತಿರಲಿಲ್ಲ, ಅವರ ಕತ್ತು ತಾನಾಗಿಯೇ ಆ ಕಡೆ ಹೋಗುತ್ತಿತ್ತು. ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ ಕತ್ತು ತಿರುಗಿಸುವುದನ್ನು ಮೂರು ಬೇಸಿಗೆ ನೋಡಿದೆ.

ನಾಲ್ಕನೆಯ ಬೇಸಿಗೆ ಅವರ ಮೋಟರ್ ನಿಜವಾಗಿಯೂ ಸುಟ್ಟಿತ್ತು. ನಾನು ಹೇಳಿದೆ. ಅವರು ಮಾವನ ಕಡೆ ನೋಡಿದರು. ಮಾವ ಕೈಯಲ್ಲಿದ್ದ ಕೆಲಸದಿಂದ ತಲೆ ಎತ್ತದೆ, "ನೋಡಿದವನು ಅವನು. ಅವನನ್ನೇ ಕೇಳಿ" ಅಂದರು. ನಾನು ಕವರ್ ಬಿಚ್ಚಿ ಕಪ್ಪಾದ ಕಾಯಿಲ್ ತೋರಿಸಿದೆ. ಮೂಸಿ ನೋಡಿ ಅಂದೆ. ಪಕ್ಕದಲ್ಲಿದ್ದ ಒಳ್ಳೆಯ ಮೋಟರಿನ ತಂತಿಗೂ ಬಾಡಿಗೂ ಸೀರೀಸ್ ಲ್ಯಾಂಪ್ ಮುಟ್ಟಿಸಿ, ಬಲ್ಬ್ ಉರಿಯದಿರುವುದನ್ನು ತೋರಿಸಿದೆ. ಆಮೇಲೆ ಅವರದ್ದಕ್ಕೆ ಮುಟ್ಟಿಸಿದೆ. ಬಲ್ಬ್ ಉರಿಯಿತು. ಅವರು ಸ್ವಲ್ಪ ಹೊತ್ತು ಆ ಬಲ್ಬನ್ನೇ ನೋಡಿದರು. "ಸರಿ, ಮಾಡು" ಅಂದರು, ನನಗೆ. ಹಳೆಯ ತಾಮ್ರ ತೂಗುವಾಗ ತಕ್ಕಡಿ ನಾನೇ ಹಿಡಿದೆ.

ಒಂದು ತಿಂಗಳಾದ ಮೇಲೆ ಬೆಳಿಗ್ಗೆ ಬೆಳಿಗ್ಗೆಯೇ ಬಂದರು. ಹೆಗಲ ಮೇಲೆ ಭಾರದ ಗೋಣಿಚೀಲ. ಮಾವ ಅಂಗಡಿಯಲ್ಲೇ ಇದ್ದರು. ಇವರು ಸೀದಾ ನನ್ನ ಮುಂದೆ ಚೀಲ ಇಳಿಸಿದರು. ಮುಖದಲ್ಲಿ ಒಂದು ಚೂರೂ ನಗುವಿಲ್ಲ. "ಏನಪ್ಪಾ, ನೀನು ಸುತ್ತಿದ್ದು ಒಂದು ತಿಂಗಳೂ ಬರಲಿಲ್ಲ" ಅಂದರು. ನನ್ನ ಎದೆ ಧಸಕ್ ಎಂದಿತು. ಸುತ್ತು ತಪ್ಪಿದೆನಾ, ವಾರ್ನಿಷ್ ಸರಿಯಾಗಿ ಒಣಗಲಿಲ್ಲವಾ, ಎಲ್ಲ ತಲೆಯಲ್ಲಿ ಓಡಿತು. ಚೀಲದ ಬಾಯಿ ಬಿಚ್ಚಿದೆ. ಒಳಗೆ ದೊಡ್ಡದೊಂದು ಸಿಹಿಗುಂಬಳಕಾಯಿ. ಮಾವನ ಕಡೆ ಅವರು ತಿರುಗಿಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಾ ಕೇಳಿದರು, "ಚೆನ್ನಾಗಿ ನೋಡಿ ನೀನೇ ಹೇಳು ಮಗ. ವೈಂಡಿಂಗ್ ಮಾಡ್ಬೇಕೋ, ಹುಳಿ ಮಾಡ್ಬೇಕೋ?"